ಕಾಗದದ ತಮ್ಮ

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದನೇ ತಾರೀಖು. ಸಾಲೆಗೆ ಹೆಸರು ಹಚ್ಚುವಾಗ ಮಾಸ್ತರರು "ಯಾವಾಗ ಹುಟ್ಟ್ಯಾನ?" ಎಂದು ಕೇಳುತ್ತಾರೆ, ಅಪ್ಪಂದಿರು "ಜ್ವಾಳದ ಸುಗ್ಗ್ಯಾಗ್ರಿ" ಎನ್ನುತ್ತಾರೆ, ಮಾಸ್ತರರು ಜೂನ್ ಒಂದು ಎಂದು ಬರೆದು ಮುಂದಿನವನನ್ನು ಕರೆಯುತ್ತಾರೆ. ನನ್ನ ಹುಟ್ಟಿದ ದಿನವೂ ಅದೇ. ಸಾಲದ್ದಕ್ಕೆ ನನ್ನಪ್ಪ, "ಒಂದೆರಡು ವರ್ಷ ಕಡಿಮಿ ಹಾಕ್ರಿ, ಮುಂದ ನೌಕರಿಗೆ ಅನುಕೂಲ ಆಕ್ಕೈತಿ" ಅಂದಿದ್ದನಂತೆ. ಮಾಸ್ತರರು ಉದಾರಿ. ಎರಡೂವರೆ ವರ್ಷ ಕಡಿಮೆ ಹಾಕಿದರು. ಅಪ್ಪ ಎಣಿಸಿದ್ದ ನೌಕರಿ ಬರಲೇ ಇಲ್ಲ. ಆ ಎರಡೂವರೆ ವರ್ಷ ಮಾತ್ರ ಒಂದು ಸಲ ನನ್ನ ಉಪಯೋಗಕ್ಕೆ ಬಂತು. ಹೇಗೆ ಬಂತು ಎಂಬುದನ್ನು ಇದುವರೆಗೆ ಹೆಂಡತಿಗೂ ಹೇಳಿಲ್ಲ.

ರಾಮದುರ್ಗದಾಚೆಯ ನಮ್ಮ ಹಳ್ಳಿಯಲ್ಲಿ ಬಾಜೂ ಮನೆಯವನೇ ನನ್ನ ಗೆಳೆಯ. ನಾವಿಬ್ಬರೂ ಒಂದೇ ದಿನ ಸಾಲೆ ಸೇರಿದೆವು. ನಾನು ಅವನಿಗಿಂತ ಒಂದೂವರೆ ವರ್ಷ ದೊಡ್ಡವ. ಮುನವಳ್ಳಿಯ ಅಜ್ಜಿಯ ಮನೆಯಲ್ಲಿ ಮುದ್ದು ಮಾಡಿಸಿಕೊಂಡು ಕೂತಿದ್ದರಿಂದ ನನ್ನ ಸಾಲೆ ತಡವಾಗಿತ್ತು. ಅವನ ತಾಯಿ ನಾಲ್ಕನೇ ಇಯತ್ತೆ ಕಲಿತವಳು. ಮಗ ಹುಟ್ಟಿದ ವಾರ, ತಾರೀಖು ಎರಡನ್ನೂ ಟ್ರಂಕಿನ ಮುಚ್ಚಳದ ಒಳಬದಿಗೆ ಬರೆದಿಟ್ಟಿದ್ದಳು. ಹಾಗಾಗಿ ಅವನ ವಯಸ್ಸು ನಿಜವಾದದ್ದು. ಮನೆಯಲ್ಲಿ ನಾನು ದೊಡ್ಡವ, ಕಾಗದದಲ್ಲಿ ಅವನಿಗಿಂತ ಒಂದು ವರ್ಷ ಸಣ್ಣವ. "ನಿನಗಿಂತ ದೊಡ್ಡಾಂವ ಅದಾನ, ಹೆಸರು ಹಿಡೀಬ್ಯಾಡ" ಎಂದು ತಾಯಿ ಹೇಳಿಕೊಟ್ಟಂತೆ ಅವನು ನನ್ನನ್ನು ಯಾವಾಗಲೂ ಅಣ್ಣಾ ಎಂದೇ ಕರೆಯುತ್ತಿದ್ದ.

ಫುಟ್‌ಬಾಲ್ ನಮ್ಮ ಕಡೆಯ ಆಟವಲ್ಲ. ನಮ್ಮಲ್ಲಿ ತೊಡೆ ಗಟ್ಟಿ ಇದ್ದವನು ಕುಸ್ತಿಗೆ ಹೋಗುತ್ತಾನೆ, ಉಸಿರು ಗಟ್ಟಿ ಇದ್ದವನು ಕಬಡ್ಡಿಗೆ. ಆದರೆ ರಾಮದುರ್ಗದ ಹೈಸ್ಕೂಲಿನಲ್ಲಿ ನಮಗೆ ಸಿಕ್ಕ ಪಿ.ಟಿ. ಮಾಸ್ತರರು ಬೆಳಗಾವಿಯಲ್ಲಿ ಆಡಿ ಬೆಳೆದವರು. ಅವರು ಕೊಟ್ಟ ಒಂದೇ ಒಂದು ಚೆಂಡನ್ನು ನಾವು ಬೇಸಿಗೆಯಿಡೀ ಮಲಪ್ರಭೆಯ ಒಣ ದಂಡೆಯಲ್ಲಿ ಒದ್ದೆವು. ಅಲ್ಲಿಂದ ಧಾರವಾಡದ ಕಾಲೇಜು, ಆಮೇಲೆ ಸಣ್ಣಪುಟ್ಟ ತಂಡಗಳು, ಕೊನೆಗೆ ರಾಜ್ಯದ ಲೀಗಿನಲ್ಲಿ ಆಡುವ, ಸಂಬಳ ಕೊಡುವ ಒಂದು ಕ್ಲಬ್ಬು. ಬೈಲಹೊಂಗಲದಲ್ಲಿ ಅವರ ಅಭ್ಯಾಸದ ಮೈದಾನ. ಅಲ್ಲಿ ಒಂದೇ ಖೋಲಿಯಲ್ಲಿ ಇಬ್ಬರೂ ಒಂಬತ್ತು ವರ್ಷ ಇದ್ದೆವು.

ಗೋಲಿನ ಮುಂದೆ ನಡುವಿನಲ್ಲಿ ನಾವಿಬ್ಬರು ನಿಲ್ಲುತ್ತಿದ್ದೆವು. ನಾನು ಬಲಕ್ಕೆ, ಅವನು ಎಡಕ್ಕೆ. ಓಡುವುದು ನನ್ನ ಕೆಲಸ, ಒದರುವುದು ಅವನದು. "ಅಣ್ಣಾ, ಹಿಂದ" ಅಂದರೆ ನಾನು ತಿರುಗಿ ನೋಡದೆ ಹಿಂದೆ ಸರಿಯುತ್ತಿದ್ದೆ. "ಅಣ್ಣಾ, ಬಿಡು" ಅಂದರೆ ಬಿಡುತ್ತಿದ್ದೆ. ನೋಡುವವರು ನನ್ನ ಓಟಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು. ಎಲ್ಲಿಗೆ ಓಡಬೇಕೆಂದು ಹೇಳಿದವನಿಗೆ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ, ನಾನೂ ಅದನ್ನು ನನ್ನದೇ ಬುದ್ಧಿ ಎಂದು ನಂಬಿಬಿಟ್ಟಿದ್ದೆ.

ಎರಡು ವರ್ಷದ ಹಿಂದೆ ಧಾರವಾಡದಿಂದ ಹೊಸ ಕೋಚ್ ಬಂದರು. ನೇರ ಮನುಷ್ಯ. ಮೊದಲ ವಾರವೇ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿ, ಚಹಾ ತರಿಸಿ, ಮಾತು ಸುತ್ತಿ ಬಳಸದೆ ಹೇಳಿದರು.

"ಬರೇ ಹುಡುಗುರನ್ನ ಹಾಕಿದ್ರ ಒಂದು ಗೋಲ್ ಬಿದ್ದಕೂಡ್ಲೆ ಗಾಬರಿ ಆಗ್ತಾರ. ಬರೇ ಹಳಬರನ್ನ ಹಾಕಿದ್ರ ಕಡೀ ಇಪ್ಪತ್ತು ನಿಮಿಷ ಉಸಿರು ಇರೂದಿಲ್ಲ. ಅದಕ್ಕ ಗೋಲಿನಾಗ ಒಬ್ಬ ಹಳಬ ಇರಲಿ, ಅವನ ಮುಂದ ಒಬ್ಬ ಹಳಬ ಇರಲಿ. ಉಳದದ್ದೆಲ್ಲಾ ಹುಡುಗುರು. ನಿಮ್ಮಿಬ್ಬರೊಳಗ ಒಬ್ಬರನ್ನ ಇಟ್ಕೋತೇನಿ."

ಗೋಲು ಕಾಯುವವನಿಗೆ ಮೂವತ್ತೇಳು, ಅವನನ್ನು ಯಾರೂ ಅಲುಗಾಡಿಸುವಂತಿರಲಿಲ್ಲ. ಉಳಿದದ್ದು ಒಂದೇ ಜಾಗ.

"ಆಟ ತಕ್ಕಡ್ಯಾಗ ಹಾಕಿದ್ರ ಇಬ್ಬರೂ ಸಮ ಅದೀರಿ," ಎಂದು ಅವರು ನಮ್ಮ ನೋಂದಣಿಯ ಕಾಗದ ಬಿಡಿಸಿದರು. "ಅದಕ್ಕ ವಯಸ್ಸು ನೋಡ್ತೇನಿ. ಸಣ್ಣಾಂವನ ಕಾಲಾಗ ಇನ್ನೊಂದು ವರ್ಷ ಹೆಚ್ಚಿಗಿ ಇರ್ತೈತಿ." ಕಾಗದ ಓದಿ ತಲೆ ಎತ್ತಿದವರು ನನ್ನ ಗೆಳೆಯನನ್ನು ಕೇಳಿದರು: "ಇಲ್ಲಿ ಇವ ನಿನಗಿಂತ ಸಣ್ಣಾಂವ ಅದಾನ. ಮತ್ತ ಮೈದಾನದಾಗ ನೀ ಇವಗ ಅಣ್ಣಾ ಅಂತ ಒದರ್ತೀಯಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಚಹಾದ ಕಪ್ಪಿಗೆ ಹೋಯಿತು. ಗೆಳೆಯ ನನ್ನ ಕಡೆ ನೋಡಿದ. ಅವನ ನೋಟದಲ್ಲಿ ಅವಸರವಿರಲಿಲ್ಲ, ಬೈಗುಳವೂ ಇರಲಿಲ್ಲ. ಮಾತಿನ ಸರದಿ ನನಗೆ ಬಿಟ್ಟುಕೊಟ್ಟು ಕಾಯುತ್ತಿದ್ದ, ಅಷ್ಟೇ. ನಾನು ಚಹಾ ಕುಡಿದೆ. ಚಹಾ ಮುಗಿದ ಮೇಲೂ ಖಾಲಿ ಕಪ್ಪನ್ನು ಬಾಯಿಂದ ಇಳಿಸಲಿಲ್ಲ.

"ಸಾಲ್ಯಾಗಿಂದ ಹಂಗ ರೂಢಿ ಬಿದ್ದೈತ್ರಿ ಸರ್," ಎಂದ ಗೆಳೆಯ. "ಅವ ನನಗ ತಮ್ಮ ಆಗಬೇಕು." ಆಮೇಲೆ ನನ್ನ ಭುಜ ತಟ್ಟಿ ಎದ್ದ. "ನೀ ಇರೋ ತಮ್ಮಾ. ನಾ ಊರಿಗೆ ಹೋಗ್ತೇನಿ."

ಮರುದಿನ ಬೆಳಿಗ್ಗೆ ಅವನನ್ನು ಬಸ್ಸು ಹತ್ತಿಸಲು ಹೋದೆ. ಸವದತ್ತಿ ಮೇಲೆ ರಾಮದುರ್ಗಕ್ಕೆ ಹೋಗುವ ಬಸ್ಸು. ಅವನ ಚೀಲ ಹೊತ್ತುಕೊಂಡು ಬಂದಿದ್ದೆ. ಹೊತ್ತರೆ ಏನೋ ತೀರುತ್ತದೆ ಎನ್ನುವಂತೆ.

"ಯಾಕ ಹಂಗಂದಿ?" ಎಂದು ಕೇಳಿದೆ.

"ನೀ ಏನರ ಅಂತಿ ಅಂತ ಕಾದ್ನಿ. ನೀ ಅನ್ನಲಿಲ್ಲ," ಎಂದ. "ನಾ ಖರೇ ಹೇಳಿದ್ರ ವಯಸ್ಸು ಸುಳ್ಳು ಕೊಟ್ಟಾನಂತ ನಿನ್ನ ಲೀಗಿನಿಂದನ ತಗದು ಒಗೀತಿದ್ರು. ಇಬ್ಬರೂ ಹೊರಗ ಕುಂತು ಏನ್ ಮಾಡೂದು? ಒಬ್ಬರದರ ಉಳೀಲಿ."

ಬಹಳ ದಿನ ನಾನು ಈ ಮಾತನ್ನೇ ಹಿಡಿದುಕೊಂಡು ಸಮಾಧಾನಪಟ್ಟೆ. ಖರೆ ಹೇಳಿದ್ದರೆ ನನ್ನ ಬದುಕೇ ಹಾಳಾಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ ಎಂದು. ಅದು ಸುಳ್ಳು. ಕೋಚ್ ಎದುರು ಆಫೀಸಿನಲ್ಲಿ ಕೂತಾಗ ನನಗೆ ಲೀಗಿನ ನೆನಪು ಬಂದೇ ಇರಲಿಲ್ಲ. ಮತ್ತು ವಯಸ್ಸಿನ ಮಾತನ್ನೇ ಎತ್ತದೆ, "ಸರ್, ನನಗ ಸಾಕಾಗೈತ್ರಿ, ಅವ ಇರಲಿ" ಎಂದು ಒಂದು ಮಾತು ಹೇಳಬಹುದಿತ್ತು. ಯಾರ ಬದುಕೂ ಹಾಳಾಗುತ್ತಿರಲಿಲ್ಲ. ಆ ದಾರಿ ನನಗೆ ಕಾಣಲಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ಕಂಡಿತ್ತು. ನನಗೆ ಆ ಜಾಗ ಬೇಕಾಗಿತ್ತು.

ಗೆಳೆಯನ ಜಾಗಕ್ಕೆ ಕಿತ್ತೂರಿನ ಹತ್ತೊಂಬತ್ತು ವರ್ಷದ ಹುಡುಗ ಬಂದ. ಕುದುರೆ ಓಡಿದಂತೆ ಓಡುತ್ತಿದ್ದ, ತಪ್ಪು ದಿಕ್ಕಿಗೆ. "ನಿನ್ನ ಅನುಭವಾನೆಲ್ಲಾ ಇವಗ ಧಾರಿ ಎರಿ" ಎಂದು ಕೋಚ್ ನನ್ನ ಕೈಗೆ ಒಪ್ಪಿಸಿದರು. ಮೊದಲ ದಿನವೇ ಆ ಹುಡುಗ ಕೇಳಿದ: "ಅಣ್ಣಾ, ಅವ ಚೆಂಡು ತಗೊಂಡು ಬಂದಾಗ ನಾ ಮುಂದ ಹೋಗ್ಬೇಕೋ, ನಿಂದರಬೇಕೋ? ಹೆಂಗ ತಿಳೀತೈತಿ?"

ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಆಡಿದವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅದನ್ನು ಪ್ರತಿ ಸಲ ಗೆಳೆಯ ಎಡಗಡೆಯಿಂದ ಒದರಿ ಹೇಳುತ್ತಿದ್ದ. "ನಾಳೆ ಹೇಳ್ತೇನಿ" ಎಂದು ಹಿರಿಯನ ಗತ್ತಿನಲ್ಲಿ ಹೇಳಿ ಖೋಲಿಗೆ ಬಂದು ಊರಿಗೆ ಫೋನ್ ಹಚ್ಚಿದೆ.

ಅವನು ಹೊಲದಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದ. ಫೋನಿನಲ್ಲಿ ನೀರಿನ ಸಪ್ಪಳ ಕೇಳುತ್ತಿತ್ತು. "ಚೆಂಡು ನೋಡಬ್ಯಾಡ ಅನ್ನು, ಸೊಂಟ ನೋಡು ಅನ್ನು," ಎಂದ. "ಕಾಲು ಮೋಸ ಮಾಡತೈತಿ, ಕಣ್ಣೂ ಮೋಸ ಮಾಡತೈತಿ. ಸೊಂಟ ಮಾಡೂದಿಲ್ಲ. ಸೊಂಟ ತಿರಗಿದ ಕಡೆ ಹೋಗಬೇಕು." ಒಂದು ಮಾತಿಗೂ ಬೇಸರಪಡದೆ, ಹುಡುಗನ ಎಡಗಾಲು ಹೇಗಿದೆ, ಎತ್ತರ ಎಷ್ಟು ಎಂದೆಲ್ಲ ವಿಚಾರಿಸಿ ಹೇಳಿದ. ಮರುದಿನ ಮೈದಾನದಲ್ಲಿ ನಾನು ಅದನ್ನೇ ಹೇಳಿದೆ. ಯಾರು ಹೇಳಿಕೊಟ್ಟರು ಎಂಬುದೊಂದನ್ನು ಬಿಟ್ಟು.

ಹೀಗೆ ವಾರಕ್ಕೆರಡು ಸಲ ಫೋನು. ಇಡೀ ಸೀಸನ್ ನಡೆಯಿತು. ಹುಡುಗ ಮಾಗಿದ, ತಂಡ ಕೆಳಗಿನ ದರ್ಜೆಯ ಲೀಗಿಗೆ ಬೀಳದೆ ಉಳಿಯಿತು. ಕೊನೆಯ ಪಂದ್ಯವಾದ ಮೇಲೆ ಕೋಚ್ ಎಲ್ಲರ ಎದುರು ನನ್ನ ಬೆನ್ನು ಚಪ್ಪರಿಸಿ, "ಅನುಭವ ಅಂದ್ರ ಇದು ನೋಡ್ರಿ" ಎಂದರು. ನಾನು ತಲೆ ಬಗ್ಗಿಸಿ ನಿಂತೆ. ವಿನಯ ಎಂದು ಎಲ್ಲರೂ ತಿಳಿದರು.

ಆಮೇಲೆ ಹುಡುಗ ಹಟ ಹಿಡಿದ: "ಅಣ್ಣಾ, ನಿಮ್ಮೂರು ನೋಡಬೇಕು." ತಪ್ಪಿಸಿಕೊಳ್ಳಲು ಆಗಲಿಲ್ಲ. ಊರಿಗೆ ಹೋದಾಗ ಗೆಳೆಯ ಅಂಗಳದಲ್ಲಿ ಏಳು ವರ್ಷದ ಮಗಳ ಜೊತೆ ಚೆಂಡು ಆಡುತ್ತಿದ್ದ. ಹೊಟ್ಟೆ ತುಸು ಬಂದಿತ್ತು. ನಮ್ಮನ್ನು ಕಂಡು ನಕ್ಕು, "ಬಾರೋ ತಮ್ಮಾ" ಎಂದ. ಹುಡುಗನಿಗೆ, "ನೀವು ಬರ್ರಿ, ಕೂಡ್ರಿ" ಎಂದ.

ಹುಡುಗ ಕೂರುವ ಪೈಕಿ ಅಲ್ಲ, ಮಗುವಿನ ಜೊತೆ ಆಟಕ್ಕೆ ಇಳಿದ. ಆಕೆ ಚೆಂಡು ಆಚೀಚೆ ಮಾಡಿ ಅವನನ್ನು ದಾಟಿ ಹೋದಳು. ಗೆಳೆಯ ಕಟ್ಟೆಯ ಮೇಲಿಂದ, "ಚೆಂಡು ನೋಡಬ್ಯಾಡ್ರಿ, ಸೊಂಟ ನೋಡ್ರಿ" ಎಂದ. ಬಾಯಿ ತಪ್ಪಿ ಬಂದ ಮಾತು.

ಹುಡುಗ ತಟ್ಟನೆ ನಿಂತ. "ಇದನ್ನ ಅಣ್ಣ ನನಗ ಕಲಿಸ್ಯಾನ್ರಿ," ಎಂದ ಹೆಮ್ಮೆಯಿಂದ.

ಗೆಳೆಯ ನನ್ನ ಕಡೆ ನೋಡಲಿಲ್ಲ. "ಹೌದ? ಛಲೋ ಕಲಿಸ್ಯಾನ," ಎಂದ.

ಅಷ್ಟರಲ್ಲಿ ಅವನ ತಾಯಿ ಒಳಗಿಂದ ಬಂದಳು. ನನ್ನ ಕೆನ್ನೆ ಸವರಿ ಲಟಿಕೆ ಮುರಿದು, ಮೊಮ್ಮಗಳನ್ನು ಕೂಗಿದಳು: "ದೊಡ್ಡಪ್ಪ ಬಂದಾನ, ನೀರು ತಂದು ಕೊಡು." ಆ ಮಗು ಹುಟ್ಟಿದಾಗಿನಿಂದ ನಾನು ಆ ಮನೆಗೆ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ.

ಕ್ಲಬ್ಬಿನ ಹುಡುಗ ಕೇಳುತ್ತ ನಿಂತಿದ್ದ. ಗೆಳೆಯ ಮೆಲ್ಲಗೆ, "ಅವ್ವಾ, ಕಾಕಾ ಅನ್ನು," ಎಂದ. ಕಾಕಾ ಅಂದರೆ ಅಪ್ಪನ ತಮ್ಮ.

ಮುದುಕಿ ಮಗನ ಮುಖ ನೋಡಿದಳು, ಆಮೇಲೆ ನನ್ನದು. ಟ್ರಂಕಿನ ಮುಚ್ಚಳಕ್ಕೆ ತಾನೇ ಬರೆದ ತಾರೀಖು ಆಕೆಗೆ ಮರೆತಿರಲಿಕ್ಕಿಲ್ಲ. ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಒಂದು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹುಡುಗ ಎದುರಿಗೇ ಇದ್ದ, ಮುಂದಿನ ಸೀಸನ್ನಿನ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಮಗು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂತು. ಅಪ್ಪನ ಮುಖ ಒಮ್ಮೆ ನೋಡಿ, ಹೊಸ ಪಾಠ ಒಪ್ಪಿಸುವ ಹಾಗೆ, "ಕಾಕಾ, ನೀರು ತಗೋ" ಎಂದಿತು.

ನಾನು "ತಾರವ್ವಾ" ಎಂದು ಇಸಿದುಕೊಂಡು ಕುಡಿದೆ.