ನಲವತ್ತೊಂದು ತಪ್ಪುಗಳು

ಸಿನಿಮಾದವರೆಲ್ಲ ಅವಳನ್ನು ಕರೆಯುತ್ತಿದ್ದುದು ಪುಸ್ತಕದಕ್ಕ ಎಂದು. ಕಂಕುಳಲ್ಲಿ ರಟ್ಟಿನ ಪುಸ್ತಕ, ಕಿವಿಸಂದಿಯಲ್ಲಿ ಪೆನ್ಸಿಲ್ಲು, ಕ್ಯಾಮರಾ ಪಕ್ಕದಲ್ಲೊಂದು ಮಡಚುವ ಸ್ಟೂಲು. ಅವಳ ಕೆಲಸಕ್ಕೆ ಕಂಟಿನ್ಯೂಟಿ ಅನ್ನುತ್ತಾರೆ. ಬೆಳಿಗ್ಗೆ ತೆಗೆದ ಶಾಟ್‌ನಲ್ಲಿ ನಾಯಕನ ಅಂಗಿಯ ಎರಡು ಗುಂಡಿ ಬಿಚ್ಚಿದ್ದರೆ, ವಾರ ಬಿಟ್ಟು ತೆಗೆಯುವ ಅದರ ಮುಂದಿನ ಶಾಟ್‌ನಲ್ಲೂ ಎರಡೇ ಬಿಚ್ಚಿರಬೇಕು. ಲೋಟದಲ್ಲಿ ಅರ್ಧ ನೀರಿದ್ದರೆ ಅರ್ಧವೇ ಇರಬೇಕು. ಇದನ್ನೆಲ್ಲ ನೋಡಿ ಬರೆದಿಟ್ಟುಕೊಂಡು, ತಪ್ಪಿದಾಗ ‘ನಿಲ್ಲಿಸಿ’ ಅನ್ನುವುದು. ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸ. ಒಂದು ಸಲ ತಪ್ಪಿದರೆ ಊರಿಗೆಲ್ಲ ಕಾಣುತ್ತದೆ.

ಗಂಡ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದ. “ನಾವಿಬ್ಬರೂ ಬೇರೆಯವರ ತಪ್ಪು ತಿಂದು ಬದುಕೋರು” ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳಿಗೆ ಹೆಸರು ತಂದದ್ದು ಮೂವತ್ತೊಂದು ವರ್ಷದ ಹಿಂದಿನ ಒಂದು ಸಿನಿಮಾ. ಜನ ಅದನ್ನು ನೌಕೆ ಸಿನಿಮಾ ಅಂತಲೇ ಕರೆಯುತ್ತಾರೆ. ಭೂಮಿ ಬಿಟ್ಟು ಹೊರಟ ಹಳೇ ನೌಕೆ, ಅದರಲ್ಲೊಬ್ಬ ಮುಂಗೋಪಿ ಕ್ಯಾಪ್ಟನ್ನು, ಅವನ ಮಾತು ಕೇಳದ ಒಂದು ಯಂತ್ರಮಾನವ. ತಗಡು, ರಟ್ಟು, ಕೆಟ್ಟುಹೋದ ರೇಡಿಯೋಗಳ ಗುಂಡಿ ಸೇರಿಸಿ ಕಟ್ಟಿದ ಸೆಟ್ಟು ಅದು. ಒಂದು ದಿನ ಮೇಕಪ್ಪಿನವನು ಕ್ಯಾಪ್ಟನ್ನನ ಹುಬ್ಬಿನ ಗಾಯವನ್ನು ಎಡಕ್ಕೆ ಬಿಟ್ಟು ಬಲಕ್ಕೆ ಅಂಟಿಸಿಬಿಟ್ಟ. ಅವಳು ಪುಸ್ತಕ ತೆರೆದು ನಿಲ್ಲಿಸಿ ಅಂದಾಗ ಇಡೀ ಸೆಟ್ಟು ಗೊಣಗಿತು. ನಿರ್ದೇಶಕರು ಮಾತ್ರ, “ಆಕೆ ನಿಲ್ಲಿಸಿ ಅಂದ್ರೆ ನಾನೂ ನಿಲ್ಲಿಸ್ತೀನಿ. ನೀವೇನು ನನಗಿಂತ ದೊಡ್ಡೋರಾ?” ಅಂದರು. ಆಮೇಲೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಆ ನಿರ್ದೇಶಕರು ತೀರಿಕೊಂಡು ಒಂಬತ್ತು ವರ್ಷಕ್ಕೆ ಅವರ ಸೋದರಳಿಯ ಫೋನು ಮಾಡಿದ. ಅವನೂ ಈಗ ನಿರ್ದೇಶಕ.

“ಅಕ್ಕಾ, ನೌಕೆಗೆ ಪ್ರೀಕ್ವೆಲ್ ಮಾಡ್ತಿದೀವಿ. ಕ್ಯಾಪ್ಟನ್ ಹರೆಯದಲ್ಲಿದ್ದಾಗಿನ ಕಥೆ. ಮೊದಲಿನ ಸಿನಿಮಾ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ? ಸ್ಕ್ರಿಪ್ಟ್ ಕಳಿಸ್ತೀನಿ, ಎಲ್ಲೆಲ್ಲಿ ಹೊಂದಲ್ಲ ಅಂತ ಗುರುತು ಹಾಕಿ ಕೊಡಿ.”

ಫೋನಿಟ್ಟ ಮೇಲೆ ಗಂಡ ಏನಂತೆ ಎಂದು ಕೇಳಿದ. ಹೇಳಿದಳು.

“ಅಂದ್ರೆ ಮೊಮ್ಮಗನ ಮದುವೆ ಆದ್ಮೇಲೆ ಅಜ್ಜನಿಗೆ ತೊಟ್ಟಿಲು ಕಟ್ಟೋ ಕೆಲಸ” ಎಂದ ಅವನು.

ನಕ್ಕಳು. ಒಳಗೊಳಗೆ ಸಂತೋಷವೇ ಆಗಿತ್ತು. ಐವತ್ತೆಂಟು ತುಂಬಿದವಳನ್ನು ಕರೆಯುವವರು ಕಡಿಮೆಯಾಗಿದ್ದರು. ಅಟ್ಟದ ಮೇಲಿಂದ ಹಳೇ ಪುಸ್ತಕಗಳನ್ನು ಇಳಿಸಿ, ಧೂಳು ಕೊಡವಿ, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಳು.

ಸ್ಕ್ರಿಪ್ಟಿನ ಮೂರನೇ ಪುಟದಲ್ಲೇ ಕಲ್ಲು ಸಿಕ್ಕಿತು. ಮೊದಲಿನ ಸಿನಿಮಾದಲ್ಲಿ ನೌಕೆಯ ಇಂಜಿನ್ನು ನೋಡಿಕೊಳ್ಳುವ ಹೆಂಗಸು ‘ನಾನು ಸಮುದ್ರವನ್ನೇ ಕಂಡವಳಲ್ಲ’ ಅನ್ನುತ್ತಾಳೆ. ಇದರಲ್ಲಿ ಅದೇ ಹೆಂಗಸು ಎಂಟು ವರ್ಷದ ಹುಡುಗಿಯಾಗಿ ಸಮುದ್ರದ ದಂಡೆಯಲ್ಲಿ ಓಡುತ್ತ ಬರುತ್ತಾಳೆ. ಅದರಲ್ಲಿ ಯುದ್ಧ ಮುಗಿದ ಮೇಲೆ ತಯಾರಾದ ಯಂತ್ರಮಾನವ ಇದರಲ್ಲಿ ಯುದ್ಧದ ನಡುವೆಯೇ ಎದ್ದು ನಿಂತು ಜೋಕು ಹೊಡೆಯುತ್ತದೆ. ಕ್ಯಾಪ್ಟನ್ನು ಅದನ್ನು ಇಪ್ಪತ್ತು ವರ್ಷ ಮೊದಲೇ ಕಂಡಿದ್ದರೆ, ಮೊದಲಿನ ಸಿನಿಮಾದಲ್ಲಿ ‘ನೀನ್ಯಾರು’ ಎಂದು ಕೇಳುವುದು ಯಾಕೆ? ಹಳೇ ಸಿನಿಮಾದಲ್ಲಿ ತಗಡಿನ ಗುಂಡಿ ಒತ್ತುತ್ತಿದ್ದವರು, ಅದಕ್ಕಿಂತ ಹಿಂದೆ ನಡೆಯುವ ಕಥೆಯಲ್ಲಿ ಗಾಳಿಯಲ್ಲೇ ಬೆರಳಾಡಿಸಿ ನೌಕೆ ಹಾರಿಸುತ್ತಾರೆ. ಒಂದೊಂದನ್ನೂ ಬರೆದುಕೊಂಡಳು. ಇಪ್ಪತ್ತಾರು ಆಯಿತು.

ಅರವತ್ತೆರಡನೇ ದೃಶ್ಯಕ್ಕೆ ಬಂದಾಗ ಪೆನ್ಸಿಲ್ಲು ಕೆಳಗಿಟ್ಟಳು.

ಮೊದಲಿನ ಸಿನಿಮಾದಲ್ಲಿ ಕ್ಯಾಪ್ಟನ್ನು ಕಿಟಕಿಯ ಹತ್ತಿರ ನಿಂತು ಯಂತ್ರಮಾನವನಿಗೆ ಹೇಳುವ ಒಂದು ಮಾತಿದೆ. ‘ನನಗೊಬ್ಬಳು ಮಗಳು ಹುಟ್ಟಿದ್ದಳು. ಮುಖ ನೋಡಲಿಲ್ಲ. ಸುತ್ತಿದ್ದ ಬಟ್ಟೆ ಹಸಿರು. ಅಷ್ಟೇ ಗೊತ್ತು.’ ನೌಕೆಯ ಕಥೆ ಮರೆತವರಿಗೂ ಆ ನಾಲ್ಕು ಮಾತು ಬಾಯಿಪಾಠ. ಅರವತ್ತೆರಡನೇ ದೃಶ್ಯದಲ್ಲಿ ಕ್ಯಾಪ್ಟನ್ನು ಆ ಮಗಳನ್ನು ಎತ್ತಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾನೆ. ಮಗು ಅವನ ಬೆರಳು ಹಿಡಿದು ನಗುತ್ತದೆ.

ಆ ಮಾತು ಯಾರದೆಂದು ತಿಳಿದಿದ್ದವರು ಮೂವರು. ಅವಳು, ಗಂಡ, ತೀರಿಕೊಂಡ ಆ ನಿರ್ದೇಶಕರು. ನೌಕೆ ಸಿನಿಮಾ ನಡೆಯುತ್ತಿದ್ದಾಗಲೇ ಅವಳಿಗೆ ಹೆರಿಗೆಯಾಗಿತ್ತು, ಮಗು ಉಳಿದಿರಲಿಲ್ಲ. ಮಂಪರಿನಲ್ಲಿದ್ದವಳ ಕಣ್ಣಿಗೆ ಬಿದ್ದದ್ದು ಆಸ್ಪತ್ರೆಯ ಹಸಿರು ಬಟ್ಟೆಯ ಒಂದು ಗಂಟು, ಅದನ್ನು ಹಿಡಿದು ಬಾಗಿಲು ದಾಟಿದ ನರ್ಸಿನ ಬೆನ್ನು. ತಿಂಗಳು ಬಿಟ್ಟು ಸೆಟ್ಟಿಗೆ ಬಂದಳು. ಯಾವತ್ತೂ ತಪ್ಪಿಲ್ಲದೆ ಬರೆಯುತ್ತಿದ್ದವಳು ಒಂದೇ ದಿನ ಎರಡು ಕಡೆ ತಪ್ಪು ಬರೆದಳು. ನಿರ್ದೇಶಕರು ಬೈಯಲಿಲ್ಲ. ಪಕ್ಕಕ್ಕೆ ಕರೆದು ಕೂರಿಸಿದರು. ಅವಳು ಹೇಳಿಬಿಟ್ಟಳು. ವಾರವಾದ ಮೇಲೆ ಅವರೊಂದು ಚೀಟಿ ತಂದರು.

“ಇದನ್ನ ಕ್ಯಾಪ್ಟನ್ ಬಾಯಲ್ಲಿ ಹೇಳಿಸಬೇಕು ಅಂತಿದೀನಿ. ಬೇಡ ಅಂದ್ರೆ ಈಗಲೇ ಹರಿದು ಹಾಕ್ತೀನಿ, ತಾಯಿ.”

ಓದಿದಳು. “ಇರ್ಲಿ ಸರ್. ನಮ್ಮನೇಲಿ ಯಾರೂ ಅದರ ಸುದ್ದಿ ಎತ್ತಲ್ಲ. ಅಲ್ಲಾದರೂ ಇರ್ಲಿ” ಅಂದಳು. ಮುಂದೆ ಮಕ್ಕಳಾಗಲಿಲ್ಲ.

ಇಪ್ಪತ್ತೇಳನೆಯದನ್ನು ಪಟ್ಟಿಯಲ್ಲಿ ಬರೆದು ಅಡಿಗೆರೆ ಎಳೆದಳು. ಕೊನೆಗೆ ಪಟ್ಟಿ ನಲವತ್ತೊಂದಕ್ಕೆ ನಿಂತಿತು.

ಸಭೆ ಸೇರಿದ್ದು ಗಾಜಿನ ಗೋಡೆಯ ಒಂದು ಕೋಣೆಯಲ್ಲಿ. ಸೋದರಳಿಯ ಇದ್ದ, ಚಿತ್ರಕಥೆ ಬರೆದವನಿದ್ದ. ಪಟ್ಟಿ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಸಮುದ್ರದ ದೃಶ್ಯಕ್ಕೆ ಆಗಲೇ ಜಾಗ ಗೊತ್ತು ಮಾಡಿಯಾಗಿದೆ ಅಂದರು. ಯಂತ್ರಮಾನವ ಇಲ್ಲದಿದ್ದರೆ ಜನ ಬರುವುದಿಲ್ಲ ಅಂದರು. ಅವಳು ಒಂದೊಂದನ್ನೇ ಬಿಟ್ಟುಕೊಟ್ಟಳು, ಸಂತೆ ಮುಗಿಯುವ ಹೊತ್ತಿಗೆ ಬೆಲೆ ಇಳಿಸುವವರ ಹಾಗೆ. ಇಪ್ಪತ್ತೇಳಕ್ಕೆ ಬಂದಾಗ ಮಾತ್ರ, “ಇದೊಂದು ಬೇಡ” ಅಂದಳು.

“ಅದೇ ನಮ್ಮ ಸಿನಿಮಾದ ಜೀವ, ಅಕ್ಕ. ಅಲ್ಲಿ ಜನ ಅಳ್ತಾರೆ.”

“ಮುಖ ನೋಡಲಿಲ್ಲ ಅಂತ ಅವನೇ ಹೇಳಿದಾನೆ.”

ಬರೆದವನು ಸಮಾಧಾನವಾಗಿಯೇ ಹೇಳಿದ. “ಮೇಡಂ, ಅದಕ್ಕೆ ದಾರಿ ಇದೆ. ಆವತ್ತು ಕ್ಯಾಪ್ಟನ್ ಸುಳ್ಳು ಹೇಳಿದ್ದ ಅಂತ ಇಟ್ಕೊಳ್ಳಿ. ಪಾತ್ರಕ್ಕೆ ಇನ್ನೂ ಆಳ ಬರುತ್ತೆ.”

“ಅವನು ಸುಳ್ಳು ಹೇಳ್ಲಿಲ್ಲ.”

“ನಿಮಗೆ ಹೇಗೆ ಗೊತ್ತು?”

ಗಾಜಿನಾಚೆ ಯಾರೋ ಇಬ್ಬರು ನಗುತ್ತ ಹೋದರು. ಇವರ ಮುಂದೆ ಅದನ್ನು ಹೇಳುವುದೆಂದರೆ ಬಟ್ಟೆ ಬಿಚ್ಚಿ ನಿಂತ ಹಾಗೆ ಅನ್ನಿಸಿತು. ಸೋದರಳಿಯ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಖಂಡಿತ ಯೋಚನೆ ಮಾಡ್ತೀವಿ” ಅಂದ.

ಸಿನಿಮಾ ಬಂತು. ನಲವತ್ತೊಂದರಲ್ಲಿ ಒಂದನ್ನೂ ತಿದ್ದಿರಲಿಲ್ಲ. ಆದರೆ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವಳದೂ ಇತ್ತು. ‘ಕಂಟಿನ್ಯೂಟಿ ಸಲಹೆಗಾರರು’ ಎಂದು, ಅವಳೊಬ್ಬಳದೇ. ನೌಕೆ ಸಿನಿಮಾವನ್ನು ಉಸಿರಿನ ಹಾಗೆ ಬಲ್ಲ ಅಭಿಮಾನಿಗಳು ವಾರದೊಳಗೆ ತಪ್ಪುಗಳನ್ನೆಲ್ಲ ಹೆಕ್ಕಿ ಮೊಬೈಲಿಗೆ ಹಾಕತೊಡಗಿದರು. ಎದುರುಮನೆಯ ಸೊಸೆ ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಒಬ್ಬ ಅವಳ ಹೆಸರಿಗೆ ಕೆಂಪು ಸುತ್ತು ಹಾಕಿ, “ಈ ಅಜ್ಜಿ ಗೊರಕೆ ಹೊಡೀತಿದ್ರಾ?” ಎಂದು ಕೇಳುತ್ತಿದ್ದ. ಸಾವಿರಾರು ಜನ ನಕ್ಕಿದ್ದರು. ಸೋದರಳಿಯನನ್ನು ಟೀವಿಯಲ್ಲಿ ಕೇಳಿದಾಗ ಅವನು, “ಹಿರಿಯರೊಬ್ಬರಿದ್ರು, ಅವರನ್ನ ನಂಬಿದ್ವಿ. ವಯಸ್ಸಾಗಿದೆ, ಏನೂ ಅನ್ನೋ ಹಾಗಿಲ್ಲ” ಎಂದ.

ಎಂದೂ ದನಿ ಎತ್ತದ ಗಂಡ ಆವತ್ತು ಟೀವಿ ಆರಿಸಿ, “ನಿನ್ನ ಪಟ್ಟಿ ಇದೆಯಲ್ಲ, ತೋರಿಸು ಎಲ್ಲರಿಗೂ” ಎಂದ.

“ಮೂಲ ಅವನ ಜೇಬಲ್ಲಿದೆ. ನಾನು ತೋರಿಸಿದ್ರೆ ಆಮೇಲೆ ಬರೆದಿದ್ದು ಅಂತಾರೆ.”

ಎಂಟು ತಿಂಗಳಾದ ಮೇಲೆ ಹಳೇ ನೌಕೆ ಸಿನಿಮಾವನ್ನು ತೊಳೆದು ಬಣ್ಣ ತಿದ್ದಿ ಮತ್ತೆ ಥಿಯೇಟರಿಗೆ ತಂದರು. ಗಂಡ ತಾನೇ ಹೋಗಿ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತಂದ. “ಆ ಹಾಳು ಸಿನಿಮಾದ ರುಚಿ ಬಾಯಿಂದ ಹೋಗ್ಲಿ” ಅಂದ. ಅರ್ಧ ತುಂಬಿದ ಥಿಯೇಟರು. ಕಿಟಕಿಯ ದೃಶ್ಯ ಹತ್ತಿರ ಬಂದಾಗ ಅವನು ನೆಟ್ಟಗೆ ಕೂತದ್ದನ್ನು ಕಂಡಳು. ಕ್ಯಾಪ್ಟನ್ನು ಕಿಟಕಿಗೆ ಬಂದ. ಯಂತ್ರಮಾನವ ತಲೆಯೆತ್ತಿತು. ಕ್ಯಾಪ್ಟನ್ನು ಬಾಯಿ ತೆರೆಯುವ ಮುಂಚೆ ಪರದೆಯ ಮೇಲೆ ಇಂಜಿನ್ನು ಕೋಣೆ ಬಂತು.

ಗಂಡ ಅವಳ ಕಡೆ ತಿರುಗಿ, “ಬರ್ಲಿಲ್ಲ” ಅಂದ.

ಮಾರನೇ ಬೆಳಿಗ್ಗೆ ಫೋನು ಮಾಡಿದಳು. ಸೋದರಳಿಯನ ದನಿಯಲ್ಲಿ ಉತ್ಸಾಹವೋ ಉತ್ಸಾಹ.

“ನೋಡಿದ್ರಾ ಅಕ್ಕ? ನಿಮ್ಮ ಪಟ್ಟಿ ಮುಂದಿಟ್ಕೊಂಡೇ ಮಾಡಿದ್ದು. ಹೊಸದನ್ನ ತಿರುಗಿ ಶೂಟ್ ಮಾಡೋಕಾಗಲ್ವಲ್ಲ, ಹಳೇದಕ್ಕೆ ಕತ್ತರಿ ಹಾಕಿದ್ವಿ. ಮೂವತ್ತೆಂಟು ತಪ್ಪು ಹೋಯ್ತು.”

“ಮೊದಲಿನ ಹಾಗಿದ್ದ ಪ್ರತಿ?”

“ಇನ್ಮೇಲೆ ಎಲ್ಲಾ ಕಡೆ ಇದೇ ಇರೋದು.”

ಆಗ ಹೇಳಿದಳು. ಆಸ್ಪತ್ರೆ, ಬಟ್ಟೆ, ಅವನ ಮಾವ ತಂದ ಚೀಟಿ, ಎಲ್ಲ.

“ಮೊದಲೇ ಹೇಳಬಾರದಿತ್ತಾ ಅಕ್ಕ?”

“ಹೇಳಿದ್ರೆ ಏನು ಮಾಡ್ತಿದ್ರಿ?”

ಅವನು ಬೇರೆ ಮಾತು ತೆಗೆದ. “ಒಂದು ಕೆಲಸ ಮಾಡೋಣ. ನೀವು ಈಗ ಹೇಳಿದ್ದನ್ನೇ ಕ್ಯಾಮರಾ ಮುಂದೆ ಹೇಳ್ತೀರಾ? ಚಿಕ್ಕ ವಿಡಿಯೋ. ಜನಕ್ಕೆ ತುಂಬಾ ತಟ್ಟುತ್ತೆ.”

ಫೋನು ಇಟ್ಟಳು.

ಗಂಡ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಬಂದು ಎದುರಿನ ಕುರ್ಚಿಯಲ್ಲಿ ಕೂತ. ಮೇಜಿನ ಮೇಲಿನ ಚಮಚವನ್ನು ಎರಡು ಸಲ ಆಚೆ ಈಚೆ ಸರಿಸಿದ.

“ನಾನು ನೋಡಿದ್ದೆ” ಎಂದ.

“ಏನು?”

“ಮುಖ. ನರ್ಸು ಬಟ್ಟೆ ಸರಿಸಿ ತೋರಿಸಿದ್ಲು. ಸಹಿ ಹಾಕಬೇಕಿತ್ತಲ್ಲ.”

ಅವಳಿಗೆ ಸಿಟ್ಟು ಬರಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಆವತ್ತೇ ಕೇಳಿದ್ದೆ. ಮಧ್ಯಾಹ್ನ, ನೀವು ಹಾಲಿನ ಫ್ಲಾಸ್ಕ್ ಹಿಡ್ಕೊಂಡು ಬಂದಾಗ. ನೋಡಿಲ್ಲ ಅಂದ್ರಿ.”

“ಹಾಗಂದ್ನಾ?”

“ಹಾಗೇ ಅಂದ್ರಿ.”

“ಆವತ್ತು ಹೇಳಿದ್ರೆ ನೀನು ತಡ್ಕೊಳ್ತಿರಲಿಲ್ಲ. ಆಮೇಲೆ ಆ ಸಿನಿಮಾ ಬಂತು. ನಿನಗೆ ಅದೇ ಸಾಕಾಗಿದೆ ಅನ್ಕೊಂಡೆ.”

“ಮೂವತ್ತೊಂದು ವರ್ಷ ನನ್ನನ್ನ ಹಸಿರು ಬಟ್ಟೆ ನೋಡ್ಕೊಂಡು ಇರೋಕೆ ಬಿಟ್ರಿ.”

ಆ ದಿನ ಅವರು ಊಟ ಮಾಡಲಿಲ್ಲ. ಹತ್ತು ದಿನ ಅವಳು ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಹನ್ನೊಂದನೇ ದಿನ ಬಟ್ಟೆ ಮಡಚುತ್ತಿದ್ದವಳು ತಾನಾಗಿಯೇ, “ಹೇಗಿತ್ತು?” ಎಂದು ಕೇಳಿದಳು.

ಹಣೆ ನಿನ್ನದೇ, ತಲೆ ತುಂಬ ಕೂದಲಿತ್ತು ಎಂದ. ಅವಳು ಆ ಮಾತನ್ನು ಒಂದು ವಾರ ಇಟ್ಟುಕೊಂಡಳು. ಮತ್ತೊಂದು ದಿನ ಮತ್ತೆ ಕೇಳಿದಳು. ಹಣೆ ನಮ್ಮಮ್ಮನ ಥರ ಅಗಲ ಇತ್ತು, ಕೂದಲು ಅಷ್ಟಾಗಿ ಇರಲಿಲ್ಲ ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ನಿಜವಾಗಿ ನೋಡಿ ಮರೆತನೋ, ಅವಳ ಸಮಾಧಾನಕ್ಕೆಂದು ಈಗ ಕಟ್ಟಿ ಹೇಳುತ್ತಿದ್ದಾನೋ, ಅವಳಿಗೆ ತಿಳಿಯಲಿಲ್ಲ. ಜನ್ಮವಿಡೀ ಇನ್ನೊಬ್ಬರಿಗೆ ನಿಲ್ಲಿಸಿ ಎಂದವಳು ಅವನನ್ನು ನಿಲ್ಲಿಸಲಿಲ್ಲ. ಆದರೆ ಆ ವಿಷಯ ಇನ್ನೆಂದೂ ಕೇಳಲಿಲ್ಲ. ಅವನೂ ತೆಗೆಯಲಿಲ್ಲ.

ಸೋಮವಾರದಿಂದ ಒಂದು ಧಾರಾವಾಹಿಯ ಕೆಲಸಕ್ಕೆ ಹೋಗತೊಡಗಿದಳು. ಅಲ್ಲಿ ಒಂದೇ ದೃಶ್ಯದೊಳಗೆ ಅತ್ತೆಯ ಸೀರೆಯ ಬಣ್ಣ ಬದಲಾದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವಳು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಕೇಳಿದರೆ ಹೇಳುತ್ತಾಳೆ, ಇಲ್ಲದಿದ್ದರೆ ಇಲ್ಲ.