ನನ್ನ ಹೆಸರಲ್ಲಿ ಬಂದುಹೋದ ಅಳಿಯ

ನಮ್ಮ ಕಡೆ ಮನೆಗೆ ಬಂದವರ ಹೆಸರು ಕೇಳೋದೆಂದರೆ ಮುಖಕ್ಕೆ ಉಗಿದ ಹಾಗೆ. ಯಾರ ಪೈಕಿ, ಯಾವ ದೇವರ ಒಕ್ಕಲು, ಇಷ್ಟೇ ಕೇಳಬೇಕು. ಉತ್ತರ ಹೊಂದಿದರೆ ಕಾಲಿಗೆ ನೀರು, ತಟ್ಟೆಗೆ ಮುದ್ದೆ. ಈ ಹಾಳು ಮರ್ಯಾದೆಯೇ ನಮ್ಮ ಮಾನ ಕಳೆಯಿತು.

ಎಪ್ಪತ್ತರ ದಶಕದ ಮಾತು. ನಾನು ಮಂಡ್ಯದಲ್ಲಿ ಮೇಷ್ಟ್ರು, ಮನೆ ಆತಗೂರಿನ ಹತ್ತಿರ. ಒಂದು ಭಾನುವಾರ ಊರಿಗೆ ಹೋಗಿದ್ದೆ. ಬೆಳಕವಾಡಿಯಿಂದ ಯಾರೋ ಹಿರಿಯರು ಬಂದು ಜಗಲಿ ಮೇಲೆ ಕೂತು, ನನ್ನ ಕಡೆ ತಿರುಗಿಯೂ ನೋಡದೆ ಅವ್ವನ ಹತ್ತಿರ ದೂರು ಶುರು ಮಾಡಿದರು. ನಿಮ್ಮ ಮಗ ನಮ್ಮ ಹುಡುಗಿಯನ್ನು ನೋಡಿ ಒಪ್ಪಿದ, ಅವ್ವನನ್ನು ಕರಕೊಂಡು ಬಂದು ವೀಳ್ಯ ಬದಲಾಯಿಸ್ತೀನಿ ಅಂದ, ಹಬ್ಬಕ್ಕೆ ಬಂದು ನಮ್ಮನೇಲಿ ಉಳಿದೂ ಹೋದ, ಈಗ ಪತ್ತೆಯೇ ಇಲ್ಲವಲ್ಲ ತಾಯಿ, ಅಂದರು.

ನನಗೆ ಕೋಪ ನೆತ್ತಿಗೇರಿತು. ಬೆಳಕವಾಡಿಯಲ್ಲಿ ನಾನು ಬಸ್ಸು ಇಳಿದವನೇ ಅಲ್ಲ ಅಂತ ಕೂಗಾಡಿದೆ. ಅವರು ಪಿಳಿಪಿಳಿ ಕಣ್ಣು ಬಿಟ್ಟು, ಈ ಹುಡುಗ ಯಾರು ಅಂತ ಕೇಳಿದರು.

"ಇವ್ನೇ ಕಣಣ್ಣ ನನ್ ಮಗ. ನಂಗಿರೋನು ಇವ್ನೊಬ್ನೇ," ಅಂದಳು ಅವ್ವ.

ಆ ಹಿರಿಯರ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವನು ಹೀಗಿರಲಿಲ್ಲ, ಉದ್ದಕ್ಕಿದ್ದ, ಮುಂದಿನ ಹಲ್ಲು ಬಿರುಕು, ನಕ್ಕು ನಕ್ಕು ಮಾತಾಡುತ್ತಿದ್ದ ಅಂದರು. ನಮ್ಮ ತಾತನ ಹೆಸರು, ನಾನು ಚಿಕ್ಕವನಿದ್ದಾಗ ಮುತ್ತತ್ತಿಯಲ್ಲಿ ಹೊಳೆ ಪಾಲಾಗೋದು ಸ್ವಲ್ಪದರಲ್ಲಿ ತಪ್ಪಿದ್ದು, ಕೊನೆಗೆ ನಮ್ಮಪ್ಪ ಯಾವ ಕಾಯಿಲೆಯಲ್ಲಿ ಸತ್ತರು ಅನ್ನೋದನ್ನೂ ಅವನು ಹೇಳಿದ್ದನಂತೆ. ಮುತ್ತತ್ತಿರಾಯನ ಒಕ್ಕಲು ಅಂದಮೇಲೆ ಇನ್ನೇನು ಕೇಳೋದು, ಅಂತ ಅವರೂ ಸುಮ್ಮನಾಗಿದ್ದರು.

 ಆ ಬಿರುಕು ಹಲ್ಲು ಅವ್ವನಿಗೆ ಗೊತ್ತಿತ್ತು. ಸುಗ್ಗಿ ಮುಗಿದ ಹೊಸದರಲ್ಲಿ ಮಂಡ್ಯದಿಂದ ನಿಮ್ಮ ಮಗನ ಗೆಳೆಯ ಅಂತ ಒಬ್ಬ ಬಂದಿದ್ದನಂತೆ. ಅವಳು ಕೋಳಿ ಕುಯ್ಯಿಸಿ, ಬಡಿಸುತ್ತಾ ಬಡಿಸುತ್ತಾ ನನ್ನ ಜಾತಕವನ್ನೆಲ್ಲ ಬಿಚ್ಚಿಟ್ಟಿದ್ದಳು. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಇಲ್ಲಿ ಬಾಯಿ ಬಿಟ್ಟವರು ನಾವು, ಬಣ್ಣಗೆಟ್ಟಿದ್ದು ಇನ್ನೊಬ್ಬರ ಮನೆ. 

ಮಳವಳ್ಳಿಗೆ ಹೋಗಿ ಪೊಲೀಸರಿಗೆ ಹೇಳೋಣ ಅಂದೆ. ಹಿರಿಯರು ಒಪ್ಪಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಹುಡುಗಿ ಊರವರ ಬಾಯಿಗೆ ಬೀಳುತ್ತಾಳೆ, ಅದರ ಬದಲು ನೀವೇ ಬಂದು ಊರ ಮುಂದೆ ನಿಜ ಹೇಳಿ, ಇಲ್ಲದಿದ್ದರೆ ಹುಡುಗಿಯಲ್ಲೇ ಏನೋ ಐಬು ಕಂಡು ಗಂಡಿನವರು ಬಿಟ್ಟರು ಅಂತಾರೆ, ಅಂತ ಬೇಡಿಕೊಂಡರು.

ಹೋದೆವು. ಅರಳಿಕಟ್ಟೆಯ ಮುಂದೆ ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಊರೆಲ್ಲ ನನ್ನನ್ನು ನೋಡಿತು. ನನ್ನ, ಅವ್ವನ ಜೊತೆ ಬಂದಿದ್ದ ನಮ್ಮೂರಿನ ಯಜಮಾನರು, ನಿಜವಾದವನು ಇವನೇ ಅಂತ ಆಣೆ ಮಾಡಿದರು. ನಾನು ನಾನೇ ಅಂತ ಇನ್ನೊಬ್ಬರು ಹೇಳಬೇಕಾಯಿತಲ್ಲ ಅಂತ ಮೈಯೆಲ್ಲ ಹಿಡಿಯಾಯಿತು. ಈ ಹುಡುಗಿಯನ್ನು ನಾನು ಕಂಡೇ ಇಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ನನ್ನ ಜೀವ ಹಗುರಾಯಿತು.

ಅಷ್ಟರಲ್ಲಿ ಹಿಂದಿನಿಂದ ಯಾರೋ, ಹಾಗಾದರೆ ಹಬ್ಬಕ್ಕೆ ಬಂದು ಮನೇಲಿ ಮಲಗಿದ್ದವನು ಯಾವನು ಅಂತ ಕೇಳಿದರು. ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಕಟ್ಟೆಯೇ ನಕ್ಕಿತು. ಹುಡುಗಿಯ ಅಪ್ಪ, ಆ ಹಿರಿಯರು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಹೊರಡುವ ಮೊದಲು ಅವರ ಮನೆಗೆ ಹೋದೆವು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು, ಅತ್ತಿರಲಿಲ್ಲ. ಅವ್ವ ಅವಳ ಕೈ ಹಿಡಿದು, ಎಲ್ಲಾ ಸರಿಹೋಯ್ತದೆ ಬುಡವ್ವ ಅಂದಳು. ಅವಳು ಕೈ ಬಿಡಿಸಿಕೊಂಡು ನನ್ನನ್ನೇ ನೋಡಿದಳು.

"ನಿಮ್ಮ ಮಾನ ನೀವು ಬಂದು ಬುಡಿಸ್ಕಂಡ್ರಿ. ನಂದನ್ನ ಯಾರು ಬುಡಿಸ್ತಾರೆ?"

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದೆ.