ಚೆಲ್ಲುವ ರಕ್ತ

ನಾನು ಕುಡಿಯುವವನಲ್ಲ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತು, ಹೊತ್ತುಗೊತ್ತಿಲ್ಲದೆ ಗೋಳಿಬಜೆ, ಶೀರಾ ತಿಂದವನು. ಲಿವರ್‌ನಲ್ಲಿ ಕೊಬ್ಬು ತುಂಬಿದೆ ಎಂದು ಗೊತ್ತಾದಾಗ ನೆಂಟರೆಲ್ಲ ಕುಡಿತವೆಂದೇ ತಿಳಿದರು. ತಿಂದೇ ಹೀಗಾಯಿತೆಂದು ಹೇಳಲು ನನಗೆ ಅದಕ್ಕಿಂತ ಹೆಚ್ಚು ನಾಚಿಕೆ.

ಪರೇಲ್‌ನ ಆಸ್ಪತ್ರೆಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಮೈಯಲ್ಲಿ ಕಬ್ಬಿಣದ ಅಂಶವೂ ವಿಪರೀತ ಏರಿದೆ, ಆಗಾಗ ರಕ್ತ ತೆಗೆಸಿದರೆ ಅದು ಇಳಿಯುತ್ತದೆ ಎಂದರು. ಕೊಬ್ಬು ಕರಗಲು ಮಾತ್ರ ಬಾಯಿ ಕಟ್ಟಬೇಕು, ನಡೆಯಬೇಕು. ರಕ್ತ ತೆಗೆಸುವುದು ಅದಕ್ಕೆ ಬದಲಿಯಲ್ಲ ಎಂದೂ ಎಚ್ಚರಿಸಿದರು.

ಮೊದಲ ಸಲ ರಕ್ತ ತೆಗೆಸಲು ಹೆಂಡತಿಯೊಂದಿಗೆ ಗೋರೆಗಾಂವ್‌ನಿಂದ ಲೋಕಲ್ ರೈಲು ಹಿಡಿದು ಹೋದೆ. ರಕ್ತನಿಧಿಯ ಹೊರಗೆ ನಮ್ಮ ಕನ್ನಡ ಕೇಳಿ ಹೆಂಗಸೊಬ್ಬಳು ಹತ್ತಿರ ಬಂದಳು. ಕಲಬುರಗಿ ಕಡೆಯವಳು. ಬಿಲ್ಡಿಂಗ್ ಕೆಲಸದಲ್ಲಿ ಗಂಡ ಮೇಲಿಂದ ಬಿದ್ದಿದ್ದ, ಆಪರೇಷನ್ ಆಗಬೇಕಿತ್ತು. ಆಸ್ಪತ್ರೆ ಕೊಡುವ ರಕ್ತಕ್ಕೆ ಬದಲಾಗಿ ಯಾರಾದರೂ ರಕ್ತ ಕೊಡಬೇಕಿತ್ತು. ನಿಶ್ಶಕ್ತಿಯೆಂದು ಅವಳದನ್ನು ತೆಗೆದುಕೊಂಡಿರಲಿಲ್ಲ.

“ಅಣ್ಣಾರ, ನೀವು ರಕ್ತ ಕೊಡಾಕ ಬಂದೀರೇನ್ರೀ? ನಮ್ಮ ಹೆಸರಿಗೆ ಕೊಡ್ತೀರೇನ್ರೀ?”

ಕೊಡಲು ಬಂದಿಲ್ಲ, ತೆಗೆಸಲು ಬಂದಿದ್ದೇನೆ ಎಂದೆ. ಅವಳಿಗೆ ತಿಳಿಯಲಿಲ್ಲ. ನನ್ನದು ಯಾರಿಗೂ ಆಗುವುದಿಲ್ಲವಂತೆ, ತೆಗೆದು ಎಸೆಯುತ್ತಾರೆ ಎಂದು ಬಿಡಿಸಿ ಹೇಳಿದೆ.

ಅವಳು ನನ್ನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. “ಚೆಲ್ಲೋವಷ್ಟು ರಕ್ತ ಇರತೈತೇನ್ರೀ ಮನಷ್ಯಾಗ?”

ಅದರಲ್ಲಿ ಚುಚ್ಚುಮಾತಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು.

ಹೆಂಡತಿ ನನ್ನ ತೋಳು ಮುಟ್ಟಿ, “ನನ್ನದು ಆಗ್ತದಾ ಅಂತ ಕೇಳಿ” ಎಂದಳು. ಸೂಜಿ ಕಂಡರೆ ಹೆದರುವವಳು. ಬೇಡವೆನ್ನಬೇಕೆನಿಸಿದರೂ ಒಳಗೆ ಹೋಗಿ ಕೇಳಿದೆ. ಪರೀಕ್ಷಿಸಿ ಒಪ್ಪಿದರು.

ಅಕ್ಕಪಕ್ಕದ ಮಂಚಗಳಲ್ಲಿ ಮಲಗಿದೆವು. ಎರಡು ಚೀಲಗಳಲ್ಲೂ ಒಂದೇ ಬಣ್ಣ ತುಂಬುತ್ತಿತ್ತು. ಹೆಂಡತಿಯದನ್ನು ಜೋಪಾನವಾಗಿ ಒಳಗೊಯ್ದರು, ನನ್ನದನ್ನು ಬೇರೆ ಡಬ್ಬಕ್ಕೆ ಹಾಕಿದರು. ನಾನು ಗೋಡೆಯ ಕಡೆ ತಿರುಗಿದೆ.

ಹೊರಗೆ ಬಂದಾಗ ಆ ಹೆಂಗಸು ಚಹಾ ತಂದು ನಿಂತಿದ್ದಳು, ನನಗೂ ಸೇರಿಸಿ. ಬೇಡವೆಂದೆ. “ಕುಡೀರಿ ಅಣ್ಣಾರ, ನಿಮಗೂ ರಕ್ತ ಹೋಗೈತಿ” ಎಂದಳು. ಕುಡಿದೆ. ಅವಳು ಹೆಂಡತಿಯ ಫೋನ್ ನಂಬರ್ ಕೇಳಿ ಪಡೆದುಕೊಂಡಳು.

ವಾಪಸು ಲೋಕಲ್‌ನಲ್ಲಿ, ನನ್ನ ಮೊಣಕೈಯ ಪಟ್ಟಿ ಕಂಡು ಯಾರೋ ಎದ್ದು ಜಾಗ ಬಿಟ್ಟರು. ಹೆಂಡತಿಯನ್ನು ಕೂರಿಸಿ ಬಾಗಿಲ ಬಳಿ ಹೋಗಿ ನಿಂತೆ.

ಮುಂದೊಂದು ದಿನ ಆ ಹೆಂಗಸು ಹೆಂಡತಿಗೆ ಫೋನ್ ಮಾಡಿದ್ದಳಂತೆ. ಆಪರೇಷನ್ ಆಗಿ ಗಂಡ ಎದ್ದು ಕೂತಿದ್ದಾನೆ ಎಂದಳಂತೆ. ನನ್ನನ್ನೂ ವಿಚಾರಿಸಿದಳೇ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ.